ನಳದ ಗುಂಡಿ

ಬ್ಲೀಚಿಂಗ್ ಪೌಡರಿಗೂ ರಂಗೋಲಿ ಪುಡಿಗೂ ಫರಕು ಗೊತ್ತದ ಏನಪಾ ನಿನಗ, ಎಂಟನೇ ಕ್ಲಾಸಿಗೆ ಸಾಲಿ ಬಿಟ್ಟು ಓಡಿದವನ ಕೈಯಾಗ ಊರು ಕುಡಿಯೋ ನೀರು ಕೊಟ್ಟು ಕೂತೀರಲ್ರಿ, ನಿಮಗ ವಾಂತಿಭೇದಿ ಬರದ ಮತ್ತೇನು ಬರಬೇಕು — ಕಿಟಕಿಯ ಸರಳಿಗೆ ಕಟ್ಟಿದ ಸಲೈನ್ ಬಾಟಲಿಯ ಕೊಳವೆಯಲ್ಲಿ ಒಂದು ಹನಿ ಬೀಳಲೋ ಬೇಡವೋ ಎಂದು ತೂಗುತ್ತಿತ್ತು, ರಾಮಾಂಜಿನಿ ಅದನ್ನೇ ನೋಡುತ್ತ ನಿಂತಿದ್ದ, ಹನಿ ಬಿತ್ತು, ರೋಗಿಗಳನ್ನು ಮಲಗಿಸಿದ ಸಾಲೆಯ ಪಡಸಾಲೆಯ ತುಂಬ ನಗು ಎದ್ದಿತು. ನಗುತ್ತಾರೆ. ಮೂರು ದಿನ ಚೊಂಬು ಹಿಡಿದು ಬೇಲಿಗೂ ಮನೆಗೂ ಓಡಾಡಿದವರು, ನಿನ್ನೆ ಕಣ್ಣು ಗುಳಿಬಿದ್ದು ಯವ್ವಾ ಯಪ್ಪಾ ಅಂದವರು, ಎರಡು ಬಾಟಲಿ ಮೈಗಿಳಿದದ್ದೇ ನಗಲು ತ್ರಾಣ ಬಂದುಬಿಟ್ಟಿತು, ಅದೂ ಯಾರನ್ನು ನೋಡಿ, ದಿನಾ ನಸುಕಿಗೆ ವಾಲ್ವ್ ಬಿಚ್ಚಿ ಇವರ ಕೊಡ ತುಂಬಿಸುವ ನೀರುಗಂಟಿಯನ್ನು ನೋಡಿ. ನಗ್ರಿ, ನಕ್ಕು ಮತ್ತೆ ಚೊಂಬು ಹಿಡೀರಿ. ರಂಗೋಲಿ ಪುಡಿಯ ಮಾತು ಅಂದವರು ಡಾಕ್ಟರ್ ವಿದ್ಯಾಧೀಶ, ಹೊಸಪೇಟೆಯಿಂದ ಜೀಪಿನಲ್ಲಿ ಬಂದ ಆರೋಗ್ಯಾಧಿಕಾರಿ, ಕುಡಿಯುವ ನೀರು ಮನೆಯಿಂದಲೇ ತಂದವರು, ಈ ಊರಲ್ಲಿ ಒಂದು ಗುಟುಕು ಚಹಾ ಮುಟ್ಟದವರು — ಸರಿ, ಮುಟ್ಟಬಾರದು, ಅದರಲ್ಲಿ ಬುದ್ಧಿ ಇದೆ, ಆದರೆ ಕಾಲರಾ ಅಂತ ಬಾಯಿಬಿಟ್ಟು ಹೇಳುವ ಗಂಡಸುತನ ಇಲ್ಲ, ಕಾಗದದ ಮೇಲೆ ತೀವ್ರ ಅತಿಸಾರ ಅಂತ ಬರೆಯುತ್ತಾರೆ, ಹೆಸರು ಬದಲಿಸಿದರೆ ರೋಗಕ್ಕೆ ಊರಿನ ದಾರಿ ಮರೆತುಹೋಗುತ್ತದೇನೋ.

ಬ್ಲೀಚಿಂಗ್ ಹಾಕಿಲ್ಲವಂತೆ. ಮತ್ತೆ ಈ ಅಂಗೈಯ ತೊಗಲು ಸುಲಿದದ್ದು ಯಾತರಿಂದ, ನೀರಿನ ಟಾಕಿಯ ಏಣಿ ಹತ್ತಿ ಬಕೀಟಿನಲ್ಲಿ ಕಲಸಿ ಸುರಿಯುವಾಗ ಕಣ್ಣುರಿದು ಕೆಳಗಿನ ಊರೆಲ್ಲ ನೀರೊಳಗಿದ್ದ ಹಾಗೆ ಕಾಣುವುದು ಯಾತರಿಂದ. ಡಾಕ್ಟರ ಪಕ್ಕ ಕೈಕಟ್ಟಿಕೊಂಡು ಹೌದ್ರಿ ಸಾರ್, ಖರೇ ಐತ್ರಿ ಸಾರ್ ಅನ್ನುತ್ತಿದ್ದಾನಲ್ಲ ಕೊಟ್ರಯ್ಯ, ಪಂಚಾಯ್ತಿ ಮೆಂಬರು, ಇವನೇ ಹೋದ ತಿಂಗಳು ಹೋಟೆಲಿನ ಮುಂದೆ ಸೈಕಲ್ಲು ಅಡ್ಡಹಿಡಿದು ಏನಂದಿದ್ದ, ಲೇ ರಾಮಾಂಜಿನಿ, ನೀರು ದವಾಖಾನಿ ವಾಸನಿ ಹೊಡಿತೈತಲೇ, ಚಾ ಕುಡಿಯಾಕ ಆಗವಲ್ದು, ಒಂಚೂರು ಕಮ್ಮಿ ಹಾಕಲೇ ನಿಮ್ಮಪ್ಪನ ಗಂಟೇನು ಹೋಗತೈತಿ. ಕಮ್ಮಿ ಹಾಕಿರಲಿಲ್ಲ. ಅದನ್ನೀಗ ಹೇಳಬಹುದು, ನಾಲಿಗೆಯ ತುದಿಗೆ ಬಂದಿದೆ, ಆದರೆ ಇವರ ಮುಂದೆ ಹೇಳುವುದೂ ಒಂದೇ, ಅದಿರು ಲಾರಿಯ ಮುಂದೆ ನಿಂತು ಧೂಳು ಎಬ್ಬಿಸಬ್ಯಾಡ ಅನ್ನುವುದೂ ಒಂದೇ. ಇವರು ಯಾರು, ಗೋಡೆಗೆ ಅಂಟಿಸಿದ ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ ಎಂಬ ಕಾಗದ ಹರಿದು ಬೀಡಿ ಬೂದಿ ಉದುರಿಸುವವರು, ಜೀವ ಉಳಿಯಲಿ ಅಂತ ಕೊಟ್ಟ ಓಆರ್‌ಎಸ್ ಪುಡಿಯನ್ನು ಅದೇ ನಳದ ಹಸಿನೀರಿಗೆ ಕಲಸಿ ಗಟಗಟ ಕುಡಿದು ಔಷಧ ಹತ್ತವಲ್ದು ನೋಡು ಅನ್ನುವವರು. ಅಗೋ ಆ ಮೂಲೆಯಲ್ಲಿ ಮಲಗಿರುವ ಪಕ್ಕೀರಪ್ಪ, ಭೇದಿ ಹತ್ತಿದ ದಿನವೇ ಬಸ್ಸು ಹತ್ತಿ ಸಂಡೂರಿಗೆ ಮಗಳ ಮನೆಗೆ ಹೋದ, ಯಾಕೆ, ಊರ ನೀರು ಕೆಟ್ಟೈತಿ, ಅಲ್ಲಿ ಎರಡು ದಿನ ಇದ್ದು ಬರ್ತೀನಿ, ಹೋಗಿ ಮೊಮ್ಮಗನಿಗೆ ಕೈತುತ್ತು ತಿನ್ನಿಸಿದ, ಕೈ ತೊಳೆದಿದ್ದನೋ ಇಲ್ಲವೋ ಆ ದೇವರೇ ಬಲ್ಲ, ಈಗ ಆ ಮನೆಯಲ್ಲಿ ನಾಲ್ಕು ಮಂದಿ ಮಲಗಿದ್ದಾರೆ, ಅಜ್ಜನ ಉಡುಗೊರೆ. ಮತ್ತೆ ಮಾರಮ್ಮ ಮುನಿದಾಳ ಅಂತ ಬೇರೆ. ಮಾರಮ್ಮಗ ಬೇರೆ ಕೆಲಸ ಇಲ್ಲ, ನಿಮ್ಮ ಹೊಲಸು ಕೈ ನೋಡಿ ಆಕಿಯೇ ಓಡಿಹೋಗಿರಬೇಕು.

ಗಟಾರದ ಪಕ್ಕ ಗುಂಡಿ ತೋಡಿ ಅದರೊಳಗೆ ನಳ ಇಟ್ಟುಕೊಳ್ಳುವ ಮಂದಿಗೆ ಯಾವ ದೇವತೆ ಬೇಕು. ಮೇಲಿನ ನಳಕ್ಕೆ ನೀರು ಸಣ್ಣಗೆ ಬರುತ್ತದೆ, ಕೆಳಗಿಳಿಸಿದರೆ ಧೋ ಅಂತ ಬರುತ್ತದೆ, ಇಷ್ಟೇ ಇವರ ಶಾಸ್ತ್ರ. ಒಬ್ಬ ಒಂದು ಮೊಳ ತೋಡಿದರೆ ಪಕ್ಕದವನು ಎರಡು ಮೊಳ, ನಳದ ತಿರುಪು ಕಿತ್ತು ಪೈಪಿನ ಬಾಯಿಗೆ ಅರಿವೆ ತುರುಕುವುದು, ಗುಂಡಿಯಲ್ಲಿ ಗಟಾರದ ಕರಿನೀರು ಜಿನುಗಿ ಮೊಣಕಾಲಿಗೆ ನಿಂತರೆ ನೀರು ಬಿಡುವ ಮುಂಚೆ ಚೊಂಬಿನಿಂದ ಎತ್ತಿ ಹಾಕುವುದು, ಹೊಸ ಗುಂಡಿ ತೋಡಿದ ದಿನ ಗಂಗವ್ವ ಬಂದ್ಲು ಅಂತ ಅರಿಷಿಣ ಕುಂಕುಮ ಏರಿಸಿ ಕಾಯಿ ಒಡೆಯುವುದು, ಚಪ್ಪಲಿ ಬಿಟ್ಟು ಇಳಿಯುವುದು. ಕೊಟ್ರಯ್ಯನದು ಇನ್ನೂ ಜೋರು, ಗುಂಡಿಗೆ ಮೋಟಾರು ಇಟ್ಟು ಊರ ಪೈಪನ್ನೇ ಹೀರುತ್ತಾನೆ. ಹೊಸಪೇಟೆಗೆ ಒಂದು ದಿನದ ತರಬೇತಿಗೆ ಕರೆದಿದ್ದರು, ಬರೇ ನೀರುಗಂಟಿಗಳನ್ನು, ತಲೆಗೊಂದು ಟೋಪಿ, ಹೊಟ್ಟೆಗೆ ಪೂರಿ, ಉಳಿದವರೆಲ್ಲ ಪೂರಿ ತಿಂದು ಗೊರಕೆ ಹೊಡೆದರು, ರಾಮಾಂಜಿನಿ ಒಬ್ಬನೇ ಎಚ್ಚರಾಗಿದ್ದ, ಇಂಜಿನಿಯರು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದ, ನೀವು ವಾಲ್ವ್ ಬಂದ್ ಮಾಡಿದ ಮ್ಯಾಲ ಪೈಪಿನಾಗಿನ ನೀರು ಇಳಿಜಾರಿಗೆ ಇಳಿತದ, ಏರಿನ ಕಡೆ ಪೈಪು ಖಾಲಿ ಆಗಿ ಉಸಿರು ಎಳಿತದ, ಆವಾಗ ಅದರ ಬಾಯಿ ಎಲ್ಲಿ ಮುಳುಗಿರತದೋ ಅಲ್ಲಿಂದ ಕುಡಿತದ, ಟಾಕಿಯಾಗ ಎಷ್ಟು ಔಷಧ ಹಾಕಿದ್ರೂ ಅಷ್ಟು ಹೊಲಸಿಗೆ ಸಾಲಂಗಿಲ್ಲ. ಪೈಪು ಕುಡಿಯುತ್ತದೆ. ಅದು ತಲೆಯಲ್ಲಿ ಕೂತುಬಿಟ್ಟಿತ್ತು, ಸಾಲೆಯಲ್ಲಿ ಏಳು ವರ್ಷ ಕೂತರೂ ಒಂದಕ್ಷರ ಹೀಗೆ ಕೂತಿರಲಿಲ್ಲ. ಬಂದು ಊರಿಗೆಲ್ಲ ಹೇಳಿದ, ತೆಗ್ಗು ಮುಚ್ರಿ, ಇಲ್ಲಂದ್ರ ಸಾಯ್ತೀರಿ. ಹೋಗಲೇ ಇಂಜಿನೇರಾ, ಅಂದರು.

ಗೊತ್ತಿತ್ತು. ಗೊತ್ತಿದ್ದೂ ಉಚ್ಚೆಂಗಮ್ಮನಿಗೆ ತೋಡಿಕೊಟ್ಟವನು ಯಾರು. ಹಿಂದಿನ ಓಣಿ, ಊರಿಗೇ ಎತ್ತರದ ಓಣಿ, ಪೈಪಿನ ಕೊನೆ, ಒಂಟಿ ಮುದುಕಿ, ಅಕ್ಕಪಕ್ಕದವರು ತೋಡಿ ತೋಡಿ ಆಕೆಯ ನಳಕ್ಕೆ ಬರೀ ಗಾಳಿ ಬರುತ್ತಿತ್ತು. ಅವ್ವ ತಾಯಕ್ಕ ದಿನಾ ಒಂದೇ ಹಾಡು, ಊರಿಗೆಲ್ಲ ನೀರು ಬಿಡ್ತಿ, ಆ ಮುದುಕಿಗೊಂದು ತೆಗ್ಗು ತೋಡಿಕೊಡಲೇ, ಕೊಡ ಹೊತ್ತು ಹೊತ್ತು ಸಾಯಾಕತ್ತೈತಿ. ಒಂದು ಐತವಾರ ಹಾರೆ ಸಲಿಕೆ ತಂದು ತೋಡಿದ, ಗಟಾರಕ್ಕೂ ಗುಂಡಿಗೂ ನಡುವೆ ಒಂದು ಗೇಣು ಮಣ್ಣು, ಅಷ್ಟೇ ಜಾಗ ಇದ್ದದ್ದು, ಎದೆಯ ಮಟ ಆಳ ಹೋದಾಗ ನೀರು ಧೋ ಎಂದು ಬಂತು, ಮುದುಕಿ ಕುಣಿದಳು, ಕೈಗೆ ಬೆಲ್ಲ ಕೊಟ್ಟಳು, ನನ್ನ ಹೊಟ್ಟ್ಯಾಗ ಹುಟ್ಟಬೇಕಿತ್ತಪಾ ನೀನು ಅಂದಳು. ಅರಿವೆ ಚೆನ್ನಾಗಿ ತುರುಕಬೇ ಆಯಿ, ಮರಿಬ್ಯಾಡ, ಅಂತ ಹೇಳಿ ಬಂದಿದ್ದ — ಹೇಳಿದರೆ ಮುಗಿಯಿತೇ, ಮುದುಕಿಯ ಬೆರಳಿಗೆ ತ್ರಾಣ ಇತ್ತೇ. ಹೋದ ವಾರ ವಾಲ್ವ್ ಬಂದ್ ಮಾಡಿ ಆ ಕಡೆಗೆ ಹೋದಾಗ ಅರಿವೆ ಗುಂಡಿಯ ನೀರಿನ ಮೇಲೆ ತೇಲುತ್ತಿತ್ತು, ಕರಿನೀರು ಸಣ್ಣಗೆ ಸುಳಿ ಸುತ್ತುತ್ತಿತ್ತು, ಕೈಹಾಕಿ ನೋಡಿದ, ಪೈಪಿನ ತೆರೆದ ಬಾಯಿ ಅಂಗೈಯನ್ನು ಕಚ್ಚಿ ಎಳೆಯಿತು, ಹಸಿದ ಕೂಸು ಎಳೆದ ಹಾಗೆ. ಅರಿವೆ ತುರುಕಿ ಎದ್ದು ಬಂದ. ನಾಳೆ ಮುಚ್ಚಿದರಾಯಿತು ಅಂದುಕೊಂಡ. ಮುದುಕಿ ಬೈತಾಳ, ಅಳತಾಳ, ನಾಳೆ. ಮೊನ್ನೆ ಮುದುಕಿ ಹೋದಳು, ಹೊಸಪೇಟೆ ದವಾಖಾನೆಗೆ ಒಯ್ಯುವಾಗ ಆಟೋದಲ್ಲೇ, ಗಾದಿಗನೂರು ದಾಟುವ ಮುಂಚೆಯೇ, ಕೈ ಹಿಂಡಿದ ಬಟ್ಟೆಯಂತೆ ಮುದುರಿತ್ತು. ನಿನ್ನೆ ಅವ್ವ ಮಲಗಿದಳು. ಇಲ್ಲೇ, ಕಿಟಕಿಯ ಪಕ್ಕ, ಆ ಬಾಟಲಿ ಅವ್ವನದೇ. ಕೊಟ್ರಯ್ಯನನ್ನು ಉಗಿಯುತ್ತಾನಂತೆ, ಪಕ್ಕೀರಪ್ಪನನ್ನು ಉಗಿಯುತ್ತಾನಂತೆ. ಅವರಾದರೂ ತಿಳಿಗೇಡಿಗಳು. ತಿಳಿದು ತಿಳಿದು ತೋಡಿದ ನಿನಗೆ ಏನನ್ನಬೇಕಲೇ ರಾಮಾಂಜಿನಿ, ಥೂ.

ಸಾರ್, ಟಾಕಿ ನೀರು ನೋಡಿದೆ ರೀ, ಎನ್ನುತ್ತ ಆಶಾ ಕಾರ್ಯಕರ್ತೆ ಭವ್ಯ ಎರಡು ಸಣ್ಣ ಗಾಜಿನ ಕೊಳವೆ ಹಿಡಿದು ಮೆಟ್ಟಿಲೇರಿ ಬಂದಳು, ಇದು ಟಾಕೀದು, ಹಳದಿ ಬಂತ್ರಿ, ಔಷಧ ಬರೋಬ್ಬರಿ ಐತ್ರಿ, ಇದು ಹಿಂದಿನ ಓಣೀದು, ಬಣ್ಣಾನ ಬರ್ಲಿಲ್ರಿ. ಡಾಕ್ಟರು ಕೊಳವೆಗಳನ್ನು ಬೆಳಕಿಗೆ ಹಿಡಿದರು. ತಪ್ಪಾಯ್ತಪಾ ಅನ್ನಬಹುದಿತ್ತು, ಅನ್ನಲಿಲ್ಲ, ಅನ್ನುವ ಜಾತಿಯೇ ಅಲ್ಲ, ಕನ್ನಡಕ ಒರೆಸಿಕೊಂಡು ಕೇಳಿದರು, ಈ ಸಲ ದನಿ ಬೇರೆ ಇತ್ತು, ಟಾಕಿಯಾಗ ಛಲೋ ಅದ, ಹಿಂದಿನ ಓಣಿಯಾಗ ಕೆಟ್ಟದ, ಅಂದ್ರ ನಡುವ ಎಲ್ಲೋ ಹೊಲಸು ಸೇರಲಿಕ್ಕತ್ತದ, ಪೈಪು ಎಲ್ಲೆಲ್ಲಿ ಹೋಗ್ಯದ ನಿನಗ ಗೊತ್ತದಲ್ಲ, ಎಲ್ಲಿ ಅಂತ ಹೇಳು, ಹೇಳಿದರ ನಾಳೆ ಬರೋ ಮಂದೀನ ಇವತ್ತ ತಡಿಬಹುದು. ಕೊಟ್ರಯ್ಯ ಕೆಳಗೆ ನೋಡುತ್ತಿದ್ದ, ತನ್ನ ಮೋಟಾರಿನ ಹೆಸರು ಬಂದೀತು ಅಂತ ಕುತ್ತಿಗೆ ಬೆವರಿತ್ತು, ಅದನ್ನು ನೋಡಲು ರಾಮಾಂಜಿನಿ ಎಷ್ಟು ದಿನ ಕಾದಿದ್ದ, ಈಗ ನೋಡಿದರೆ ಒಂದು ಹನಿಯೂ ರುಚಿಸಲಿಲ್ಲ. ಅವ್ವ ಸೆರಗು ಸರಿಸಿ ಇವನತ್ತ ನೋಡಿದಳು, ಒಣಗಿದ ತುಟಿ ಅಲುಗಿತು, ಏನೋ ಅಂದಳು, ಕೇಳಿಸಲಿಲ್ಲ, ಬ್ಯಾಡ ಅಂದಳೋ ಹೇಳು ಅಂದಳೋ. ಹೇಳಿದರೆ ಇವರು ಸುಮ್ಮನಿರುತ್ತಾರೆಯೇ, ಸತ್ತ ಮುದುಕಿಯ ಬಾಯಿಗೆ ಮಣ್ಣು ಹಾಕುತ್ತಾರೆ, ಊರು ನುಂಗಿದ ಮುದುಕಿ ಅನ್ನುತ್ತಾರೆ, ಬೆಲ್ಲ ಕೊಟ್ಟ ಕೈಗೆ ಸಾವೊಂದು ಸಾಲದೇ. ಏನಲೇ, ಮೂಗ ಆದೇನು, ಡಾಕ್ಟರ್ ಸಾಹೇಬ್ರು ಕೇಳಾಕತ್ತಾರ, ಅಂದ ಕೊಟ್ರಯ್ಯ. ರಾಮಾಂಜಿನಿ ಸಾಲೆಯ ಗೋಡೆಗೆ ಒರಗಿಸಿದ್ದ ಸಲಿಕೆ ತೆಗೆದುಕೊಂಡು ಮೆಟ್ಟಿಲಿಳಿದ, ಹಿಂದಿನಿಂದ ಯಾರೋ ನೋಡ್ರಿ ಸೊಕ್ಕು ಅಂದರು, ಯಾರೋ ಬಿಡ್ರಿ ಅಂದರು, ಕಾಲು ಹಿಂದಿನ ಓಣಿಯ ಏರು ಹತ್ತತೊಡಗಿತು, ಮುದುಕಿಯ ಬೀಗ ಹಾಕಿದ ಬಾಗಿಲು, ಗಟಾರ, ಒಂದು ಗೇಣು ಮಣ್ಣು, ಗುಂಡಿಯ ತುಂಬ ಕರಿನೀರು, ಇವತ್ತು ಎತ್ತಿ ಹಾಕುವ ಕೈ ಇಲ್ಲ, ಅರಿವೆ ತುರುಕುವ ಕೈ ಇಲ್ಲ, ಇವತ್ತೂ ನಸುಕಿನಲ್ಲಿ ವಾಲ್ವ್ ಬಿಟ್ಟಿದ್ದ, ಏಳಕ್ಕೆ ಬಂದ್ ಮಾಡಿದ್ದ, ಈ ಕೈಯಿಂದಲೇ, ಬಂದ್ ಮಾಡಿದ ಮೇಲೆ ಅದು, ನೀರಿನ ಕೆಳಗೆ, ತೆರೆದ ಬಾಯಿ, ಕುಡಿಯುತ್ತಿತ್ತು, ಪೈಪು ಕುಡಿಯುತ್ತಿತ್ತು, ಕುಡಿಯುತ್ತಿತ್ತು —