ನಾನು ತೋರಿಸಿದ ಚಿರತೆ

ಸೆರೆಂಗೆಟಿಯಲ್ಲಿ ಚಿರತೆ ಸಿಗದ ಸಫಾರಿ ಡ್ರೈವರ್ ಯಾರೆಂದು ಕೇಳಿದರೆ ಗೇಟಿನ ಬಳಿ ಚಹಾ ಮಾರುವವಳೂ ನನ್ನ ಹೆಸರು ಹೇಳುತ್ತಿದ್ದಳು. ಸಿಂಹ, ಆನೆ ಎಲ್ಲ ನನಗೆ ಒಲಿದಿದ್ದವು. ಚಿರತೆಗೆ ಮಾತ್ರ ನನ್ನ ಮುಖ ಕಂಡರಾಗದು. ಕೊನೆಗೆ ಅರೂಷಾ ಪಟ್ಟಣದಿಂದ ಹೊರಡುವಾಗಲೇ ನಮ್ಮ ಕಂಪನಿಯ ಮಾಲೀಕರು ಹೇಳಿಬಿಟ್ಟರು:

"ನೋಡು ನ್ದೆರಿಂಗೊ, ಈ ಸಲವೂ ಚಿರತೆ ತೋರಿಸ್ಲಿಲ್ಲ ಅಂದ್ರೆ ಗುಡಾರ, ಪಾತ್ರೆ ಸಾಗಿಸೋ ಲಾರಿ ಹತ್ತು. ಅದಕ್ಕೆ ರಸ್ತೆ ಕಂಡ್ರೆ ಸಾಕು."

ಆ ಸಲದ ಅತಿಥಿ ಮೋಶಿ ಊರಿನ ಅನಾಎಲಿಯಮ್ಮ. ಆಯುಷ್ಯವಿಡೀ ಹೆರಿಗೆ ಮಾಡಿಸಿ ನಿವೃತ್ತರಾದ ನರ್ಸು. ಅವರಿಗೆ ಬೇಕಾದದ್ದು ಚಿರತೆ ಒಂದೇ. ಜಿರಾಫೆ ತೋರಿಸಿದರೆ, "ಕತ್ತು ಉದ್ದ, ಸರಿ. ಮುಂದೆ ನಡಿ ಮಗಾ" ಎನ್ನುವರು.

ಹೀಗೇ ಕೊನೆಯ ಬೆಳಿಗ್ಗೆ ಬಂತು. ಚಿರತೆಯ ಸುಳಿವಿಲ್ಲ, ನನ್ನ ಹೊಟ್ಟೆಯಲ್ಲಿ ಮಾತ್ರ ಗುಡುಗು. ಹಿಂದಿನ ದಿನ ಬಿಡಾರದಲ್ಲಿ ತೆಂಗಿನ ಹಾಲು ಹಾಕಿ ಬೇಯಿಸಿದ ಕೆಂಪು ಕಾಳು ಮಿಕ್ಕಿತ್ತು. ಚೆಲ್ಲಬಾರದೆಂದು ನಾನೇ ಬಳಿದು ತಿಂದಿದ್ದೆ.

ಪೊದೆಯ ಮರೆಗೆ ಹೋಗುವುದಕ್ಕೆ ನಮ್ಮಲ್ಲಿ 'ಔಷಧಿ ಅಗೆಯುವುದು' ಎನ್ನುತ್ತೇವೆ. ಕಾಡಿನಲ್ಲಿ ಗಾಡಿಯ ಪಕ್ಕದಲ್ಲೇ ಮುಗಿಸಬೇಕು, ದೂರ ಹೋಗಬಾರದು. ಇದನ್ನು ಅತಿಥಿಗಳಿಗೆ ಗದರಿಸಿ ಕಲಿಸುವವನು ನಾನೇ. ಆದರೆ ತಾಯಿಯ ವಯಸ್ಸಿನವರಿರುವಾಗ ಚಕ್ರದ ಪಕ್ಕ ಕೂರುವುದು ಹೇಗೆ?

"ಅಮ್ಮಾ, ಸ್ವಲ್ಪ ಔಷಧಿ ಅಗೆದು ಬರ್ತೀನಿ. ನೀವು ಆ ಕಡೆ ನೋಡ್ತಿರಿ."

"ನಿನ್ನಂಥವರನ್ನ ಎಷ್ಟು ಜನಾನ ಬಟ್ಟೆ ಇಲ್ದೆ ಎತ್ಕೊಂಡಿಲ್ಲ. ಹೋಗು, ಹೋಗು."

ಹಾಗೆಂದರೂ ಗಾಡಿಯ ತೆರೆದ ಛಾವಣಿಯಲ್ಲಿ ಎದ್ದು ನಿಂತು, ದುರ್ಬೀನು ಹಿಡಿದು, ನನಗೆ ಬೆನ್ನು ಮಾಡಿದರು. ನಾನು ಹುತ್ತದ ಹಿಂದೆ ಓಡಿದೆ.

ಅವಸರದಲ್ಲಿ ಒಂದು ಮರೆತೆ. ನಮ್ಮ ಡ್ರೈವರುಗಳು ಪ್ರಾಣಿಯನ್ನು ಹುಡುಕುವುದು ಕಡಿಮೆ, ನಿಂತ ಗಾಡಿಯನ್ನು ಹುಡುಕುವುದೇ ಹೆಚ್ಚು. ಅದರಲ್ಲಿ ಯಾರಾದರೂ ದುರ್ಬೀನು ಹಿಡಿದು ನಿಂತಿದ್ದರಂತೂ ಮುಗಿಯಿತು, ಬಯಲೆಲ್ಲ ಅಲ್ಲಿಗೇ ಓಡಿಬರುತ್ತದೆ. ಎಂಜಿನ್ನುಗಳ ಸದ್ದು ಹತ್ತಿರವಾದಾಗ ನಾನು ಏಳುವ ಸ್ಥಿತಿಯಲ್ಲಿರಲಿಲ್ಲ.

ಅಂತೂ ಬೆಲ್ಟು ಬಿಗಿಯುತ್ತ ಹೊರಬಂದರೆ ಏಳೆಂಟು ಗಾಡಿ ಸೇರಿದ್ದವು. ದೇವರು ದೊಡ್ಡವನು, ಕ್ಯಾಮೆರಾಗಳೆಲ್ಲ ಆಚೆ ಬದಿಯ ಮರವೊಂದರ ಕಡೆಗಿದ್ದವು. ಕೊಂಬೆ ಖಾಲಿ. ನನ್ನ ಗೆಳೆಯ ಕಿಸಾಲಿ ತನ್ನ ಕಿಟಕಿಯಿಂದ ತಲೆ ಹೊರಹಾಕಿದ.

"ಲೋ ಕುರುಡಣ್ಣ, ಹೇಗೋ ಹುಡುಕ್ದೆ? ನಾನು ಬರೋಷ್ಟರಲ್ಲಿ ಇಳಿದುಬಿಡ್ತು, ಬಾಲ ಮಾತ್ರ ಸಿಕ್ತು."

"ಯಾವುದರ ಬಾಲ?"

"ಬಿಂಕ ನೋಡು ಇವನದು. ಚಿರತೆದು ಕಣೋ."

ನಾನು ಬಾಯಿ ತೆರೆಯುವ ಮೊದಲೇ ಅನಾಎಲಿಯಮ್ಮ ಮೇಲಿಂದ ನನ್ನ ಟೋಪಿಯ ಮೇಲೆ ತಟ್ಟಿದರು. "ಗಾಡಿ ಹತ್ತು ಮಗಾ."

ಗದ್ದಲ ದಾಟಿದ ಮೇಲೆ ಕೇಳಿದೆ, "ಅಮ್ಮಾ, ನಿಜವಾಗ್ಲೂ ಕಂಡ್ತಾ?"

"ಆ ಕಡೆ ನೋಡಿ ಅಂದೋನು ನೀನೇ ಅಲ್ವಾ? ನೋಡ್ದೆ. ಕೊಂಬೆ ಮೇಲೆ ಕಾಲು ಜೋತುಬಿಟ್ಟು ಮಲಗಿತ್ತು. ನಿನ್ನ ಕರೆಯೋಣ ಅಂದ್ಕೊಂಡೆ. ಅರ್ಧದಲ್ಲಿ ಎಬ್ಬಿಸಿದ್ರೆ ಹೊಟ್ಟೆಗೆ ಒಳ್ಳೇದಲ್ಲ ಅಂತ ಸುಮ್ನಾದೆ."

ನಾನು ಬ್ರೇಕು ಒತ್ತಿದೆ. "ಅದಕ್ಕೆ ನಾನು ಕಾಣ್ತಿದ್ನಾ?"

"ಅದು ಮರದ ಮೇಲಿತ್ತಲ್ಲ, ಪೂರ್ತಿ ಕಾಣ್ತಿದ್ದೆ. ಒಂದ್ಸಲ ನಿನ್ನ ಕಡೆ ನೋಡಿ, ಮುಖ ಆಚೆ ತಿರುಗಿಸ್ಕೊಳ್ತು. ಮರ್ಯಾದಸ್ಥ ಪ್ರಾಣಿ."

ಅರೂಷಾದಲ್ಲಿ ಅವರು ಮಾಲೀಕರಿಗೆ ಹೇಳಿದ್ದು ಇಷ್ಟೇ: "ನಿಮ್ಮ ಹುಡುಗ ಎಲ್ಲಿ ನೋಡ್ಬೇಕು ಅಂತ ಸರಿಯಾಗಿ ಹೇಳ್ದ." ಸುಳ್ಳೇನಲ್ಲ. ಲಾರಿ ಹತ್ತುವುದು ತಪ್ಪಿತು.

ಈಗ ನನ್ನ ಗಾಡಿ ಎಲ್ಲಿ ನಿಂತರೂ ಸರಿ, ಕಿಸಾಲಿ ಧೂಳೆಬ್ಬಿಸಿಕೊಂಡು ಬಂದು ಪಕ್ಕದಲ್ಲೇ ನಿಲ್ಲುತ್ತಾನೆ, ಹಿಂದೆ ಇನ್ನೂ ನಾಲ್ಕು ಗಾಡಿ. ಹಾಗಾಗಿ ಎಷ್ಟೇ ಕಷ್ಟವಾದರೂ ಬಿಡಾರ ಸೇರುವವರೆಗೆ ತಡೆದುಕೊಳ್ಳುತ್ತೇನೆ. ಮಿಕ್ಕ ಕಾಳನ್ನು ಈಗ ಅಡುಗೆಯವನೇ ತಿನ್ನುತ್ತಾನೆ.