ಇನ್ನೂರ ನಲವತ್ತು ಡಬ್ಬಿ ಬ್ರೆಡ್ಡು

ಕುನಿಸಾವಾ ಚಿಯೆ ಆಸ್ಪತ್ರೆಯ ವಿಪತ್ತು ಸಮಿತಿಗೆ ಸೇರಿದ್ದು ತಾನಾಗಿ ಅಲ್ಲ. ನಾಲ್ಕು ವರ್ಷದ ಹಿಂದೆ ವಾರ್ಡಿನ ಸಭೆಯಲ್ಲಿ, ಈ ಕೆಲಸ ಯಾರು ವಹಿಸಿಕೊಳ್ಳುತ್ತೀರಿ ಎಂದು ಕೇಳಿದಾಗ ಉಳಿದ ನರ್ಸುಗಳೆಲ್ಲ ನೆಲ ನೋಡಿದರು. ಚಿಯೆ ಒಬ್ಬಳೇ ಗೋಡೆಯ ಗಡಿಯಾರ ನೋಡಿದಳು. ಕತ್ತು ಮೇಲಿದ್ದದ್ದೇ ಒಪ್ಪಿಗೆ ಎಂದಾಯಿತು.

ಅಂದಿನಿಂದ ಮೂರನೇ ಮಹಡಿಯ ಮೂಲೆಯ ಬೀರುವಿನ ಕೀಲಿಕೈ ಅವಳ ಕೊರಳಲ್ಲಿ. ಭೂಕಂಪವಾಗಿ ಸಮುದ್ರ ಉಕ್ಕಿ ಬಂದು ಮೂರು ದಿನ ಯಾರೂ ಆಸ್ಪತ್ರೆ ತಲುಪಲಾಗದಿದ್ದರೆ ಮೂಳೆ ಮುರಿದ ನಲವತ್ತು ಮುದುಕ ಮುದುಕಿಯರನ್ನೂ ಅವರನ್ನು ನೋಡಿಕೊಳ್ಳುವವರನ್ನೂ ಆ ಬೀರು ಸಾಕಬೇಕು. ಅದರಲ್ಲಿ ನೀರು, ಟಾರ್ಚು, ಕಾಗದದ ಶೌಚಚೀಲಗಳು, ಇನ್ನೂರ ನಲವತ್ತು ತಗಡಿನ ಡಬ್ಬಿಗಳಲ್ಲಿ ಮುಚ್ಚಿಟ್ಟ, ವರ್ಷಗಟ್ಟಲೆ ಕೆಡದ ಬ್ರೆಡ್ಡು. ಆ ಬ್ರೆಡ್ಡಿನ ಅವಧಿ ಫೆಬ್ರವರಿ ಕೊನೆಗೆ ಮುಗಿಯುತ್ತಿತ್ತು. ಇಪ್ಪತ್ತಕ್ಕೆ ಹೊಸ ಡಬ್ಬಿಗಳು, ಇಪ್ಪತ್ತೇಳಕ್ಕೆ ಪ್ರಾಂತ್ಯದ ಕಚೇರಿಯ ತಪಾಸಣಾಧಿಕಾರಿ. ಅಷ್ಟರೊಳಗೆ ಹಳೆಯದು ಖಾಲಿಯಾಗಬೇಕು. ಎಸೆಯುವ ಹಾಗಿಲ್ಲ, ಅನ್ನ ಎಸೆಯಬೇಡಿ ಎಂದು ನಿರ್ದೇಶಕರು ಸ್ವಂತ ಕೈಯಲ್ಲಿ ಬರೆದ ಫಲಕ ಲಿಫ್ಟಿನಲ್ಲೇ ಇತ್ತು. ರೋಗಿಗಳಿಗೆ ಕೊಡುವ ಹಾಗೂ ಇಲ್ಲ. ಒಣ ಬ್ರೆಡ್ಡು ಯಾರದಾದರೂ ಗಂಟಲಿಗೆ ಸಿಕ್ಕಿಕೊಂಡರೆ ಅದರ ವರದಿ ಬರೆಯಬೇಕಾದವಳೂ ಚಿಯೆಯೇ.

ಹೆಡ್ ನರ್ಸ್ ಒಕಬಾಯಾಶಿ ಸುತ್ತಿ ಬಳಸಿ ಮಾತಾಡುವವರಲ್ಲ.

"ಸಹಾಯಕ ಹೆಡ್ ನರ್ಸ್ ಹುದ್ದೆಗೆ ಒಂದು ಹೆಸರು ಕಳಿಸಬೇಕು ಕುನಿಸಾವಾ-ಸಾನ್. ತಪಾಸಣೆ ಚೆನ್ನಾಗಿ ಮುಗಿದ್ರೆ ನಿಮ್ದು. ಇಲ್ಲಾಂದ್ರೆ ಈ ವರ್ಷ ರೀನಾದು."

ಚಿಯೆಗೆ ನಲವತ್ತಾರು. ಒಂಬತ್ತು ವರ್ಷ ಸಹಾಯಕ ನರ್ಸಾಗಿ ದುಡಿಯುತ್ತಲೇ ಸಂಜೆ ಶಾಲೆಯಲ್ಲಿ ಓದಿ ಪೂರ್ಣ ನರ್ಸ್ ಆದವಳು. ಈಗಲೂ ಔಷಧಿಯ ಅಳತೆಯನ್ನು ಮೂರು ಸಲ ನೋಡಿ, ನಾಲ್ಕನೇ ಸಲ ಯಾರೂ ಕಾಣದ ಹಾಗೆ ನೋಡುತ್ತಿದ್ದಳು. ಅದೇ ವಾರ್ಡಿನ ರೀನಾಗೆ ಇಪ್ಪತ್ತೊಂಬತ್ತು, ಕಾಲೇಜಿನಲ್ಲಿ ಓದಿದವಳು, ಒಂದೇ ಸಲ ನೋಡುವವಳು. ಅವಳ ಮೇಲೆ ಕೋಪ ಮಾಡಿಕೊಳ್ಳಲು ಚಿಯೆ ಎಷ್ಟೋ ಸಲ ಪ್ರಯತ್ನಿಸಿದ್ದಳು. ಹುಡುಗಿ ಒಳ್ಳೆಯವಳಾದ್ದರಿಂದ ಆಗಿರಲಿಲ್ಲ.

ಫೆಬ್ರವರಿಯ ಮೊದಲ ವಾರ ಚಿಯೆ ರೋಗಿಗಳನ್ನು ನೋಡಲು ಬಂದವರಿಗೆಲ್ಲ ಡಬ್ಬಿ ಹಂಚಿದಳು. ಮನೆಯಲ್ಲಿ ಇರಲಿ, ಕಷ್ಟಕಾಲಕ್ಕಾಗುತ್ತದೆ ಎನ್ನುತ್ತ ಬಗ್ಗಿ ಬಗ್ಗಿ ಕೊಟ್ಟಳು. ತೊಂಬತ್ತು ಡಬ್ಬಿ ಹೋದವು. ಮನೆಗೆ ಹೋಗಿ ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು, ಇಷ್ಟು ಸುಲಭವೇ ಎಂದುಕೊಂಡಳು. ಹಾಗೆಂದುಕೊಂಡದ್ದಕ್ಕೇ ಭಯವೂ ಆಯಿತು.

ನಾಲ್ಕನೇ ದಿನ ಮರು-ಉಡುಗೊರೆಗಳು ಬರತೊಡಗಿದವು.

ಅದು ಖಾಲಿ ಪಾತ್ರೆ ಹಿಂದಿರುಗಿಸದ ಊರು. ತೆಗೆದುಕೊಂಡದ್ದರ ಅರ್ಧದಷ್ಟಾದರೂ ಮರಳಿಸದೆ ಅಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಅದೂ ಚಕ್ಕೋತದ ಕಾಲ. ಬೆಟ್ಟದ ಪ್ರತಿ ಮನೆಯ ಹಿತ್ತಿಲಲ್ಲೂ ಮಗುವಿನ ತಲೆಯಷ್ಟು ದಪ್ಪದ ಹಣ್ಣುಗಳು. ಒಂದು ಡಬ್ಬಿ ಒಯ್ದವರು ಎರಡು ಚಕ್ಕೋತ ತಂದರು. ಏಳನೇ ಹಾಸಿಗೆಯ ನಿಶಿಮೊರಿ ಅಜ್ಜಿಯ ಮಗ ಮೂರು ಡಬ್ಬಿ ಒಯ್ದಿದ್ದ. ಅವನು ಪುಟ್ಟ ಲಾರಿಯಲ್ಲಿ ಬಂದ.

ರೋಗಿಗಳ ಕಡೆಯಿಂದ ಉಡುಗೊರೆ ಸ್ವೀಕರಿಸುವುದಿಲ್ಲ ಎಂಬ ಫಲಕವನ್ನು ಚಿಯೆ ತೋರಿಸಿದಳು. ಅಜ್ಜಿ ಹಾಸಿಗೆಯಿಂದಲೇ ತೀರ್ಪು ಕೊಟ್ಟಳು.

"ಉಡುಗೊರೆ ಅಲ್ಲ ಕಣೇ ನರ್ಸಮ್ಮ, ಮರು-ಉಡುಗೊರೆ. ಮೊದಲು ಕೊಟ್ಟೋಳು ನೀನು. ನನ್ನ ಮಗ ಮುಖ ಎತ್ಕೊಂಡು ಓಡಾಡೋದು ಬೇಡ್ವಾ?"

ನರ್ಸುಗಳ ಕೋಣೆಯಲ್ಲಿ ಹಣ್ಣು ಇಡುವಂತಿರಲಿಲ್ಲ. ಕಾರಿಡಾರಿನಲ್ಲಿಟ್ಟರೆ ಕಂಪನದಲ್ಲಿ ಉರುಳಿ ಊರುಗೋಲಿನವರನ್ನು ಬೀಳಿಸುತ್ತವೆ. ಕೀಲಿ ಹಾಕಿ ಮುಚ್ಚಿಡಬಹುದಾದ ಜಾಗ ಮೂಲೆಯ ಬೀರು ಒಂದೇ. ತೊಂಬತ್ತು ಡಬ್ಬಿ ಖಾಲಿಯಾದ ತೆರಪಿನಲ್ಲಿ ನೂರ ಅರವತ್ತೆಂಟು ಚಕ್ಕೋತಗಳು ಕೂತವು. ಹನ್ನೊಂದು ಕಟ್ಟು ಶುಂಠಿ, ಒಂದು ಒಣಮೀನು ಬೇರೆ. ಬಾಗಿಲು ಹಾಕಲು ಚಿಯೆ ಬೆನ್ನು ಕೊಟ್ಟು ನೂಕಬೇಕಾಯಿತು.

"ಸುನಾಮಿ ಬಂದ್ರೆ ಇವನ್ನ ಕಟ್ಕೊಂಡು ತೇಲಬೋದು," ಎಂದಳು ರೀನಾ. ಚಿಯೆ ನಿಜಕ್ಕೂ ಒಂದು ಕ್ಷಣ ಅದನ್ನು ಯೋಚಿಸಿ ನೋಡಿದಳು.

ಡಬ್ಬಿ ಇನ್ನೂ ನೂರೈವತ್ತು ಉಳಿದಿದ್ದವು. ಹೀಗೇ ಹಂಚಿದರೆ ಚಕ್ಕೋತಗಳಿಗೆ ಇನ್ನೊಂದು ಮಹಡಿ ಕಟ್ಟಬೇಕು. ಚಿಯೆ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೇ ದಿನ ಒಬ್ಬ ರೋಗಿಯ ಜ್ವರ ಬರೆದುಕೊಳ್ಳುತ್ತಿರುವಾಗ ಹೊಳೆಯಿತು: ಈ ಊರಿನಲ್ಲಿ ಜ್ವರ ಅಳೆಸಿಕೊಂಡದ್ದಕ್ಕೆ ಯಾರೂ ಚಕ್ಕೋತ ತರುವುದಿಲ್ಲ. ಅದು ಕೆಲಸ. ಕೊಡುವುದು ಬೇರೆ, ಕೆಲಸ ಬೇರೆ.

ಅಂದೇ ಕೂತು ಒಂದು ಅಭಿಪ್ರಾಯ ಪತ್ರ ಸಿದ್ಧಪಡಿಸಿದಳು. ಡಬ್ಬಿ ಒಯ್ಯುವವರು ಅದನ್ನು ಮನೆಯಲ್ಲಿ ತೆರೆದು, ತಿಂದು, ಹೇಗಿತ್ತೆಂದು ಬರೆದು ತಂದುಕೊಡಬೇಕು, ಆಸ್ಪತ್ರೆಗೆ ಉಪಕಾರವಾಗುತ್ತದೆ. ಈಗ ಉಪಕಾರ ಮಾಡುತ್ತಿರುವವರು ಅವರು. ಹಾಗಾದಮೇಲೆ ಮರಳಿಸಬೇಕಾದವಳು ಚಿಯೆ. ಪತ್ರ ತಂದುಕೊಟ್ಟ ಪ್ರತಿಯೊಬ್ಬರ ಕೈಗೂ ಅವಳು ಬಗ್ಗಿ ನಮಸ್ಕರಿಸಿ ಒಂದೊಂದು ಚಕ್ಕೋತ ಇಟ್ಟಳು, ಮಕ್ಕಳಿದ್ದ ಮನೆಗೆ ಎರಡು. ದುಡಿಮೆಯ ಕೂಲಿಗೆ ಯಾರು ಮರು-ಉಡುಗೊರೆ ತರುತ್ತಾರೆ? ನಿಶಿಮೊರಿ ಅಜ್ಜಿಯ ಮಗ ತನ್ನದೇ ತೋಟದ ಎರಡು ಹಣ್ಣುಗಳನ್ನು ಗುರುತು ಹಿಡಿದ. ಆದರೂ ಗಂಭೀರವಾಗಿ ತಲೆಬಾಗಿಸಿ ಒಯ್ದ.

ಇಪ್ಪತ್ತನೇ ತಾರೀಕಿಗೆ ಬೀರು ಬರಿದಾಯಿತು. ಶುಂಠಿಯನ್ನು ನರ್ಸುಗಳು ಹಂಚಿಕೊಂಡರು. ಒಣಮೀನು ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಹೊಸ ಡಬ್ಬಿಗಳು ಬಂದು ಸಾಲಾಗಿ ಕೂತವು. ಒಕಬಾಯಾಶಿ ಬೀರು ತೆರೆದು ನೋಡಿ, "ಹೂಂ," ಎಂದರು. ಅವರ ಬಾಯಲ್ಲಿ ಅದು ಹೊಗಳಿಕೆ.

ಚಿಯೆ ಅಲ್ಲಿಗೆ ಬಿಡಬಹುದಿತ್ತು. ಆದರೆ ಜನ ಕಷ್ಟಪಟ್ಟು ಬರೆದದ್ದನ್ನು ಓದದೆ ಕಟ್ಟಿಡುವುದು ಮೋಸವೆನಿಸಿತು. ತಪಾಸಣೆಯ ಹಿಂದಿನ ಮಧ್ಯಾಹ್ನ ಎಲ್ಲವನ್ನೂ ಓದಿದಳು. ಸಿಹಿ ಹೆಚ್ಚು. ಮೊಮ್ಮಗ ಪೂರ್ತಿ ತಿಂದ. ನಾಯಿಗೂ ಇಷ್ಟವಾಯಿತು. ನಡುನಡುವೆ ಇನ್ನೊಂದು ಮಾತು, ಬೇರೆಬೇರೆ ಕೈಬರಹಗಳಲ್ಲಿ: ಮುಚ್ಚಳ ಎಳೆದು ತೆಗೆಯುವ ಉಂಗುರ ಎಬ್ಬಿಸಲು ಆಗಲಿಲ್ಲ, ಸೊಸೆಯ ಕೈಯಲ್ಲಿ ತೆಗೆಸಿದೆ. ಬೆರಳು ನೋಯುತ್ತದೆ, ಪಕ್ಕದ ಮನೆಯವರನ್ನು ಕರೆದೆ. ಹೀಗೆ ಬರೆದವರು ಐವತ್ತೆರಡು ಮಂದಿ.

ಮುದುಕರ ಬೆರಳಲ್ಲವೇ, ನಾವು ತೆರೆದುಕೊಟ್ಟರಾಯಿತು ಎಂದುಕೊಂಡು ಅವಳು ಅದೇ ಬಗೆಯ ಒಂದು ಹೊಸ ಡಬ್ಬಿ ಎತ್ತಿಕೊಂಡಳು. ಉಂಗುರ ತಗಡಿಗೆ ಅಂಟಿಕೊಂಡಿತ್ತು. ಅದರ ಕೆಳಗೆ ಉಗುರು ತೂರಿಸಬೇಕು. ಚಿಯೆಗೆ ಉಗುರಿಲ್ಲ. ರೀನಾಗೂ ಇಲ್ಲ. ಯಾವ ನರ್ಸಿಗೂ ಇಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ಬೆರಳು ನೋಡುತ್ತಾರೆ, ಅಂಗೈ ಕಡೆಯಿಂದ ನೋಡಿದಾಗ ಉಗುರು ಕಂಡರೆ ಕತ್ತರಿ. ಇಪ್ಪತ್ತು ನಿಮಿಷ ಇಬ್ಬರೂ ಒದ್ದಾಡಿದರು. ಉಂಗುರ ಅಲುಗಲಿಲ್ಲ.

ಅಂದರೆ ಬೀರು ತುಂಬ ಬ್ರೆಡ್ಡು, ವಾರ್ಡು ತುಂಬ ಹಸಿದವರು, ತೆರೆಯುವವರು ಮಾತ್ರ ಇಲ್ಲ.

"ಹೇಳ್ಬೇಡಿ," ಎಂದಳು ರೀನಾ. "ನಾಳೆ ಒಂದು ದಿನ ಸುಮ್ನಿರಿ. ನಿಮ್ಮ ಹೆಸರು ಮೇಲಕ್ಕೆ ಹೋಗ್ಲಿ, ಆಮೇಲೆ ಹೇಳಿದ್ರಾಯ್ತು. ನನಗೇನೂ ಆ ಹುದ್ದೆ ಬೇಡ, ದೇವರಾಣೆ."

ಚಿಯೆ ಸುಮ್ಮನಿರಲು ಮನಸ್ಸು ಮಾಡಿದಳು. ಮನೆಗೆ ಹೋಗುವ ಬಸ್ಸಿನಲ್ಲಿ ಮೂರು ನಿಲ್ದಾಣದವರೆಗೆ ಆ ಮನಸ್ಸು ಗಟ್ಟಿಯಾಗಿತ್ತು. ನಾಲ್ಕನೆಯದರಲ್ಲಿ, ಇಂದು ರಾತ್ರಿಯೇ ನೆಲ ನಡುಗಿದರೆ, ಎಂಬ ಯೋಚನೆ ಬಂತು.

ಮರುದಿನ ತಪಾಸಣಾಧಿಕಾರಿ ತಾಕೆಚಿ ಬಂದರು. ದಪ್ಪ ಕೈಗಳ, ಕಡಿಮೆ ಮಾತಿನ ಮನುಷ್ಯ. ಬೀರು ನೋಡಿ, ಡಬ್ಬಿ ಎಣಿಸಿ, ತಾರೀಕು ನೋಡಿ, ಪೆನ್ನಿನ ಮುಚ್ಚಳ ತೆಗೆದರು. ಆಗ ಚಿಯೆ, ಕ್ಷಮಿಸಬೇಕು ಎಂದು ಆರಂಭಿಸಿ, ನಾಲ್ಕು ಸಲ ಕ್ಷಮೆ ಕೇಳಿದ ಮೇಲೆ ವಿಷಯ ಹೇಳಿದಳು. ಹಿಂದೆ ನಿಂತಿದ್ದ ರೀನಾ ಕಣ್ಣು ಮುಚ್ಚಿಕೊಂಡಳು.

ತಾಕೆಚಿ ನಂಬಲಿಲ್ಲ. ಡಬ್ಬಿ ಕೈಗೆತ್ತಿಕೊಂಡರು. ಅವರ ಬೆರಳು ಉಂಗುರಕ್ಕಿಂತ ದಪ್ಪ. ಮೊದಲು ನಿಂತಲ್ಲೇ ಪ್ರಯತ್ನಿಸಿದರು, ಆಮೇಲೆ ಕೋಟು ತೆಗೆದರು. ಒಕಬಾಯಾಶಿ ಕಸಿದುಕೊಂಡು, ನಾನು ಮೂವತ್ತು ವರ್ಷ ಔಷಧಿ ಬಾಟಲಿ ತೆರೆದವಳು ಎಂದು ಗೋಡೆಗೆ ಒರಗಿ ಹಲ್ಲು ಕಚ್ಚಿದರು. ಫಲಕ ಬರೆದ ನಿರ್ದೇಶಕರು ಸಂತೆಯಂಥ ಸದ್ದು ಕೇಳಿ ಬಂದವರು ತಾವೂ ಕೈಹಾಕಿದರು. ಅವರು ಶಸ್ತ್ರವೈದ್ಯರು, ಉಗುರು ಎಲ್ಲರಿಗಿಂತ ಮೋಟು. ಊರುಗೋಲು, ಗಾಲಿಕುರ್ಚಿಗಳ ಮೇಲೆ ರೋಗಿಗಳು ಸುತ್ತ ನೆರೆದು ಸಲಹೆ ಕೊಡತೊಡಗಿದರು. ಕೊನೆಗೆ ನಿಶಿಮೊರಿ ಅಜ್ಜಿ ಡಬ್ಬಿಯನ್ನು ತೊಡೆಯ ಮೇಲೆ ಹಾಕಿಸಿಕೊಂಡು, ಊಟದ ತಟ್ಟೆಯ ಚಮಚದ ತುದಿಯನ್ನು ಉಂಗುರದ ಕೆಳಗೆ ತೂರಿಸಿ ಒತ್ತಿದಳು. ಟಕ್ ಎಂದಿತು.

"ಇಷ್ಟು ಜನ ಓದಿದೋರು," ಎಂದಳು ಅಜ್ಜಿ.

ತಾಕೆಚಿ ಬೆವರು ಒರೆಸಿಕೊಂಡು, ಐವತ್ತೆರಡು ಪತ್ರಗಳನ್ನೂ ಕೇಳಿ ಪಡೆದು, ಹಾಳೆಯಲ್ಲಿ 'ಸುಧಾರಣೆ ಅಗತ್ಯ, ಹತ್ತು ದಿನ' ಎಂದು ಬರೆದು ಹೋದರು. ತಪಾಸಣೆ ಚೆನ್ನಾಗಿ ಮುಗಿದಿರಲಿಲ್ಲ. ಚಿಯೆ ಒಕಬಾಯಾಶಿಯವರ ಕೋಣೆಗೆ ಹೋಗಿ, ರೀನಾಳ ಹೆಸರಿನ ಅಕ್ಷರಗಳನ್ನು ಸರಿಯಾಗಿ ಬರೆದ ಚೀಟಿಯನ್ನು ತಾನೇ ಮೇಜಿನ ಮೇಲಿಟ್ಟಳು.

ಒಕಬಾಯಾಶಿ ಚೀಟಿಯನ್ನು ನೋಡಿ, ಕೆಂಪಗಾಗಿದ್ದ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು.

"ಇನ್ನೂರ ನಲವತ್ತು ಡಬ್ಬಿ ಬದಲಾಯಿಸ್ಬೇಕು. ಕತ್ತಲಲ್ಲಿ ಚಮಚ ಹುಡುಕ್ತಾ ಕೂರೋಕಾಗಲ್ಲ. ಖರೀದಿ ವಿಭಾಗದೋರು ಹುದ್ದೆ ಇಲ್ಲದೋರ ಮಾತು ಕೇಳಲ್ಲ. ರೀನಾ ಆದ್ರೆ ಒಂದು ಸಲ ಕೇಳಿ ಕೈಬಿಡ್ತಾಳೆ. ನೀವು ಬಿಡಲ್ಲ. ಅದು ನಿಮ್ಮ ರೋಗ. ಹತ್ತು ದಿನದಲ್ಲಿ ಕೆಲಸ ಆಗಬೇಕಂದ್ರೆ ಇವತ್ತೇ ನಿಮ್ಮ ಹೆಸರು ಹೋಗಬೇಕು."

ಮುಂದಿನ ಸೋಮವಾರ ಆದೇಶ ಬಂತು. ಚಿಯೆ ತನ್ನ ಹೊಸ ಹುದ್ದೆಯನ್ನು ಕನ್ನಡಿಯ ಮುಂದೆ ಹೇಳಿಕೊಂಡು ಅಭ್ಯಾಸ ಮಾಡಿ ಖರೀದಿ ವಿಭಾಗಕ್ಕೆ ಫೋನು ಮಾಡಿದಳು. ಆ ಕಡೆಯವನು ನಕ್ಕ. ಡಬ್ಬಿ ತೆರೆಯುವುದಕ್ಕೆ ಯಾರಿಗೆ ಬರುವುದಿಲ್ಲ ಎಂದ. ಬೇರೆ ಬಗೆಯ ಡಬ್ಬಿಯೆಂದರೆ ಜೂನ್ ಆಗುತ್ತದೆ ಎಂದ.

"ಮಧ್ಯಾಹ್ನ ಎರಡಕ್ಕೆ ಮೂರನೇ ಮಹಡಿಗೆ ಬನ್ನಿ," ಎಂದಳು ಚಿಯೆ. "ಉಗುರು ಕತ್ತರಿಸ್ಕೊಂಡು ಬನ್ನಿ."

ಫೋನು ಇಟ್ಟ ಮೇಲೆ, ಮಾತು ಗಡುಸಾಯಿತೇನೋ ಎಂದು ಅವಳಿಗೆ ಅನಿಸಿತು. ಮತ್ತೆ ಫೋನು ಮಾಡಿ ಎರಡು ಸಲ ಕ್ಷಮೆ ಕೇಳಿದಳು. ಉಗುರುಕತ್ತರಿ ಇಲ್ಲದಿದ್ದರೆ ವಾರ್ಡಿನಲ್ಲಿ ಇದೆ ಎಂದೂ ತಿಳಿಸಿದಳು.