ಸೂರ್ಯ ದಾಟದ ತಿಂಗಳು

೧೯೨೮ರ ಮಳೆಗಾಲದಲ್ಲಿ ಶ್ರಾವಣ ಎರಡು ಬಂದಿತ್ತು. ಮೊದಲನೆಯದು ಅಧಿಕವೆಂದು ಅಮ್ಮಿನಬಾವಿಯ ಮನೆಮನೆಗೂ ಹೇಳಿ ಬಂದವರು ಪಂಚಾಂಗ ಓದುವ ಧೋಂಡಭಟ್ಟರೇ.

ಆ ತಿಂಗಳ ಪಂಚಮಿಯ ಹಿಂದಿನ ದಿನ, ಹುಬ್ಬಳ್ಳಿ ರೈಲ್ವೆ ಕಾರ್ಖಾನೆಯಲ್ಲಿ ದುಡಿಯುವ ದುರಗಪ್ಪ ಅವರ ಕಟ್ಟೆಗೆ ಬಂದು ಕೂತ. ತಂಗಿ ಬೀರವ್ವನನ್ನು ತವರಿಗೆ ಕರೆದೊಯ್ಯಲು ಬಂದವನನ್ನು ಅವಳ ಮಾವ ಶಿದ್ದಪ್ಪ ಬಾಗಿಲಿಂದಲೇ ತಿರುಗಿಸಿದ್ದ. ನಾಗರಪಂಚಮಿ ಹಬ್ಬ ಮುಂದಿನ ತಿಂಗಳು, ಸೊಸೆಯನ್ನು ಹಬ್ಬಕ್ಕೇ ಕಳಿಸುವುದು ಎಂದಿದ್ದ.

"ಆಕಿ ನೆತ್ತರ ಕೆಮ್ಮಾಕತ್ತಾಳ್ರಿ. ಹುಬ್ಬಳ್ಳಿ ಡಾಕ್ಟರಿಗೆ ತೋರಸ್ತೇನಿ. ಇದ ಖರೇ ಶ್ರಾವಣ ಅಂತ ಒಂದ ಮಾತು ಹೇಳ್ರಿ. ನಿಮ್ಮ ಮಾತು ಆತ ಮೀರಂಗಿಲ್ಲ."

"ಹೆಂಗ ಹೇಳ್ಲಿ, ತಮ್ಮಾ?" ಎಂದರು ಭಟ್ಟರು. "ಚಂದ್ರನ ಹನ್ನೆರಡು ತಿಂಗಳು ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮಿ. ಆ ಕಡಿಮಿ ಕೂಡಿ ಕೂಡಿ ಮೂರು ವರ್ಷ ತುಂಬೂದ್ರಾಗ ಒಂದು ತಿಂಗಳಾಗ್ತದ. ಎರಡು ಅಮಾವಾಸ್ಯಿ ನಡುವ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕ ದಾಟಬೇಕು. ಈ ಸಲ ದಾಟೂದಿಲ್ಲ, ಕರ್ಕದಾಗೇ ಇರ್ತಾನ. ಅದಕ್ಕ ಈ ತಿಂಗಳು ಲೆಕ್ಕಕ್ಕಿಲ್ಲ."

"ಆಕಿ ರೋಗಕ್ಕ ಎಲ್ಲಾ ತಿಂಗಳೂ ಲೆಕ್ಕಕ್ಕ ಅದಾವ್ರಿ," ಎಂದು ದುರಗಪ್ಪ ಎದ್ದು ಹೋದ.

ಸುಳ್ಳು ಹೇಳಬೇಕಾಗಿರಲಿಲ್ಲ, ಕಾಯಿಲೆಯವಳು ತವರಿಗೆ ಹೋಗಲು ಯಾವ ಮಾಸವೂ ಅಡ್ಡಿಯಲ್ಲ ಎಂದಿದ್ದರೆ ಸಾಕಿತ್ತು. ಅದು ಭಟ್ಟರಿಗೆ ಹೊಳೆದದ್ದು ಅವನು ಹೋದ ಮೇಲೆ. ಮರುದಿನ ತಾವೇ ಶಿದ್ದಪ್ಪನ ಹೊಲಕ್ಕೆ ಹೋದರು. ಬೀರವ್ವ ಸೆರಗನ್ನು ಬಾಯಿಗೊತ್ತಿಕೊಂಡು ಶೇಂಗಾ ಸಾಲಿನಲ್ಲಿ ಕಸ ತೆಗೆಯುತ್ತಿದ್ದಳು.

"ಆಕಿನ್ನ ಕಳಸಿಬಿಡು ಶಿದ್ದಪ್ಪ, ಏನೂ ದೋಷ ಇಲ್ಲ."

ಶಿದ್ದಪ್ಪ ನಕ್ಕ. "ಮನಿಮನಿಗೆ ಬಂದು ಅಧಿಕ ಅಂದವರು ನೀವ. ಈಗ ದೋಷ ಇಲ್ಲ ಅಂತೀರಿ. ಕಸ ತೆಗಿಯೂದು ಮುಗೀಲಿ ತಗೋರಿ."

ಭಟ್ಟರು ಬದುವಿನ ಗುಂಟ ಹಿಂದಿರುಗಿದರು.

ನಿಜ ಶ್ರಾವಣದ ಬಿದಿಗೆಯಂದು ಬೀರವ್ವ ತೀರಿಕೊಂಡಳು. ಹುಬ್ಬಳ್ಳಿಗೆ ಯಾರೂ ಹೇಳಿ ಕಳಿಸಲಿಲ್ಲ. ಚೌತಿಯ ದಿನ ತಂಗಿಯನ್ನು ಕರೆದೊಯ್ಯಲು ಚಕ್ಕಡಿ ಕಟ್ಟಿಕೊಂಡು ಬಂದ ದುರಗಪ್ಪನಿಗೆ ಸುದ್ದಿ ಗೊತ್ತಾದದ್ದು ಊರ ಅಗಸಿ ಬಾಗಿಲಲ್ಲಿ. ಮರಳುವಾಗ ಅವನು ಭಟ್ಟರ ಮನೆ ಮುಂದೆಯೇ ಹಾದುಹೋದ, ತಲೆಯೆತ್ತಲಿಲ್ಲ. ಬಾಗಿಲಲ್ಲಿ ನಿಂತಿದ್ದ ಭಟ್ಟರು ಅವನ ಹೆಸರು ಹಿಡಿದು ಕೂಗಬೇಕೆಂದು ಹೊಸ್ತಿಲು ದಾಟಿ, ಮತ್ತೆ ಒಳಗೆ ಸರಿದರು.

ತುಳಸಿ ಲಗ್ನ ಮುಗಿದ ವಾರಕ್ಕೆ ಶಿದ್ದಪ್ಪ ಎಲೆ-ಅಡಿಕೆ ಹಿಡಿದು ಬಂದ.

"ಮಗಗ ಇನ್ನೊಂದು ಹೆಣ್ಣು ಗೊತ್ತು ಮಾಡೇನ್ರಿ. ಛಲೋ ಮುಹೂರ್ತ ತಗೀರಿ."

ಒಲ್ಲೆನೆಂದರೆ ಧಾರವಾಡದಲ್ಲಿ ಬೇರೆ ಜೋಶಿಗಳಿದ್ದರು. ಭಟ್ಟರು ಪಂಚಾಂಗ ಬಿಚ್ಚಿದರು. ಮಾರ್ಗಶಿರದಲ್ಲಿ ನಾಲ್ಕು ಒಳ್ಳೆಯ ದಿನಗಳಿದ್ದವು.